ಬಿಲ್ಲಿನ ಹಿಂದಿನ ಉತಾರ

ಧಾರವಾಡದ ಮಾಳಮಡ್ಡಿಯ ಮನೆಯನ್ನು ಮಾರಿ, ಮಗಳು ಅಳಿಯನಿಗೆ ಹತ್ತಿರವಾಗಿರಲೆಂದು ಪುಣೆಯ ಕೋಥರೂಡಿನಲ್ಲಿ ರೀಸೇಲ್ ಫ್ಲ್ಯಾಟ್ ಕೊಂಡ ನಮ್ಮ ಸೋದರಮಾವನ ಕೈಗೆ ಮಿಳಕತ ಕರದ, ಅಂದರೆ ಆಸ್ತಿ ತೆರಿಗೆಯ, ಮೊದಲ ಬಿಲ್ಲು ಬಂದಾಗ, ಅವರ ನಿದ್ದೆ ಕೆಡಿಸಿದ್ದು ಆ ಬಿಲ್ಲಿನ ಮೊತ್ತವಲ್ಲ, ಎದುರುಮನೆಯವರ ಬಿಲ್ಲಿನ ಮೊತ್ತ. ಒಂದೇ ಕಟ್ಟಡ, ಒಂದೇ ಮಹಡಿ, ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ಎದುರಾಗಿ ಕಟ್ಟಿದ ಎರಡು ಮನೆಗಳು. ಆದರೂ ಮಾಮಾ ಕಟ್ಟಬೇಕಾದ ತೆರಿಗೆ ಎದುರಿನವರದಕ್ಕಿಂತ ಬಹಳ ಹೆಚ್ಚು. "ತಮ್ಮಾ, ಗ್ವಾಡಿ ಒಂದ, ಅಳತಿ ಒಂದ. ಅವರಿಗೆ ಅಷ್ಟ ಕಡಿಮಿ, ನನಗ ಯಾಕ ಇಷ್ಟ ಹೆಚ್ಚು?" ಎಂದು ಫೋನು ಮಾಡಿದರು. ಪುಣೆಯಲ್ಲಿ ಬಹಳ ವರ್ಷಗಳಿಂದ ಇರುವವನೆಂಬ ಕಾರಣಕ್ಕೆ ಉತ್ತರ ಹುಡುಕುವ ಹೊಣೆ ನನ್ನ ಪಾಲಿಗೆ ಬಂತು.

ಮಾಮಾನ ಗೊಂದಲಕ್ಕೆ ಅವರದೇ ಆದ ಹಿನ್ನೆಲೆಯಿತ್ತು. ಕರ್ನಾಟಕದ ನಗರಗಳಲ್ಲಿ ಆಸ್ತಿ ತೆರಿಗೆಯನ್ನು ಮಾಲೀಕನೇ ಲೆಕ್ಕಹಾಕಿ ಕಟ್ಟುವ ಸ್ವಯಂ ಘೋಷಣೆಯ ಪದ್ಧತಿ ಇರುವುದರಿಂದ, ಮಾರ್ಗಸೂಚಿ ಬೆಲೆ, ಕಟ್ಟಡದ ಅಳತೆ, ಕಟ್ಟಿದ ವರ್ಷ ಇವನ್ನೆಲ್ಲ ತಾವೇ ನಮೂನೆಯಲ್ಲಿ ತುಂಬಿ, ಏಪ್ರಿಲ್ ತಿಂಗಳೊಳಗೆ ಕಟ್ಟಿ ಶೇ. 5ರ ರಿಯಾಯಿತಿ ಪಡೆದು ಬರುವುದು ಅವರಿಗೆ ವರ್ಷ ವರ್ಷದ ವ್ರತದಂತಾಗಿತ್ತು. ಪುಣೆಯ ಬಿಲ್ಲಿನಲ್ಲಿ ಅಂಥ ಲೆಕ್ಕವೇ ಇಲ್ಲ. ಅಲ್ಲಿರುವುದು ವಾರ್ಷಿಕ ಕರಪಾತ್ರ ರಕ್ಕಮ್ (ತೆರಿಗೆ ಹಾಕಲು ಆಧಾರವಾದ ಮೌಲ್ಯ) ಎಂಬ ಒಂದು ಅಂಕಿ, ಅದರ ಕೆಳಗೆ ಆ ಅಂಕಿಯ ಮೇಲೆ ಶೇಕಡಾವಾರು ಹೇರಿದ ಕರಗಳ ಸಾಲು: ಸರ್ವಸಾಧಾರಣ ಕರ, ಸಫಾಯಿಪಟ್ಟಿ, ಜಲಲಾಭ ಕರ, ಪಥಕರ, ಅಗ್ನಿಶಾಮಕ ಕರ, ವೃಕ್ಷ ಕರ, ಪಾಲಿಕೆಯ ಶಿಕ್ಷಣ ಕರ, ಮತ್ತೆ ರಾಜ್ಯ ಸರ್ಕಾರಕ್ಕೆಂದು ಪಾಲಿಕೆಯೇ ವಸೂಲು ಮಾಡಿಕೊಡುವ ಬೇರೊಂದು ಶಿಕ್ಷಣ ಕರ. ಮಾಮಾ ಈ ಸಾಲನ್ನೇ ಹಿಡಿದು, ಒಂದೊಂದು ಕರವನ್ನೂ ಎದುರುಮನೆಯ ಬಿಲ್ಲಿನೊಂದಿಗೆ ಪೆನ್ಸಿಲ್ಲಿನಲ್ಲಿ ತಾಳೆ ನೋಡಿದ್ದರು. ಎಲ್ಲವೂ ಹೆಚ್ಚಾಗಿಯೇ ಇದ್ದವು; ಮೂಲದ ಅಂಕಿಯೇ ಹೆಚ್ಚಾಗಿರುವಾಗ ಹಾಗಾಗದೆ ಇನ್ನೇನು? ಆ ಅಂಕಿ ಎಲ್ಲಿಂದ ಬಂತೆಂಬುದನ್ನು ಮಾತ್ರ ಬಿಲ್ಲು ಹೇಳುತ್ತಿರಲಿಲ್ಲ.

ಅವರ ಮೊದಲ ಅನುಮಾನ ಅಳತೆಯ ಮೇಲೆ ಹೋಯಿತು. ಹಳೆಯ ಖರೀದಿ ಪತ್ರದಲ್ಲಿ ಗೋಡೆಗಳನ್ನೂ ಸೇರಿಸಿದ ಬಿಲ್ಟ್‌ಅಪ್ ಅಳತೆ, ಹೊಸ ಪತ್ರದಲ್ಲಿ ಗೋಡೆಗಳ ಒಳಗಿನ ಕಾರ್ಪೆಟ್ ಅಳತೆ ಇದ್ದುದರಿಂದ, ಬಾಲ್ಕನಿಯನ್ನೋ ಜಿನೆಯ (ಮೆಟ್ಟಿಲ) ಪಾಲನ್ನೋ ಸೇರಿಸಿ ಯಾರೋ ಚದರಡಿ ಹೆಚ್ಚು ಬರೆದಿದ್ದಾರೆಂದು ಅವರಿಗೆ ಖಾತ್ರಿಯಾಗಿತ್ತು. ಒಂದು ಭಾನುವಾರ ಬಡಗಿಯಿಂದ ಉಕ್ಕಿನ ಟೇಪು ಇಸಿದುಕೊಂಡು ಮನೆಯನ್ನೆಲ್ಲ ಅಳೆದೆವು. ಟೇಪಿನ ತುದಿಯನ್ನು ಮಾಮಾ ಹೆಬ್ಬೆರಳಿನಿಂದ ಗೋಡೆಯ ಮೂಲೆಗೆ ಒತ್ತಿ ಹಿಡಿಯುವುದು, ನಾನು ಇನ್ನೊಂದು ತುದಿಯಲ್ಲಿ ಅಂಕಿ ಓದುವುದು, ಅತ್ತೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಳ್ಳುವುದು. ಬಚ್ಚಲುಮನೆಯ ಬಾಗಿಲಿನ ಹಿಂದೆ ಟೇಪು ಮಡಚಿಕೊಂಡು ಎರಡಂಗುಲದ ವ್ಯತ್ಯಾಸ ಬಂದಾಗ, ಮಾಮಾ ಅದನ್ನು ಬಿಡದೆ ಮತ್ತೊಮ್ಮೆ ಅಳೆಸಿದರು. ಕೊನೆಗೆ ಒಟ್ಟು ಕೂಡಿಸಿದಾಗ ಪತ್ರದಲ್ಲಿದ್ದ ಕಾರ್ಪೆಟ್ ಅಳತೆಗೂ ನಮ್ಮ ಲೆಕ್ಕಕ್ಕೂ ಸರಿಯಾಗಿ ಹೊಂದಿತು.

ದಾರಿ ತೋರಿಸಿದವರು ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಸಿಕ್ಕ ಹಿರಿಯರು. ಪಾಲಿಕೆಯೊಂದರಲ್ಲಿ ತೆರಿಗೆ ವಿಭಾಗದ ಗುಮಾಸ್ತರಾಗಿ ನಿವೃತ್ತರಾದವರು ಅವರು, ವಿಜಯಪುರದ ಕಡೆಯವರು. ನಾನು ಬಿಲ್ಲಿನ ಫೋಟೋ ತೋರಿಸಲು ಹೋದರೆ ಅವರು ಅದನ್ನು ಸರಿಯಾಗಿ ನೋಡಲೂ ಇಲ್ಲ. "ಬಿಲ್ಲಿನ ಕೂಡ ಜಗಳಾಡಿ ಏನ್ ಮಾಡತೀರಿ? ಬಿಲ್ಲು ಬರೇ ಗುಣಾಕಾರರೀ. ಆಕಾರಣಿ ಉತಾರ ತಗಸ್ರಿ, ಅದರಾಗ ಎಲ್ಲಾ ಬರದಿರತದ" ಎಂದರು. ಆಕಾರಣಿ ಎಂದರೆ ತೆರಿಗೆಗಾಗಿ ಮನೆಗೆ ಕಟ್ಟಿದ ಬೆಲೆ, ಉತಾರ ಎಂದರೆ ಅದರ ದಾಖಲೆಯ ನಕಲು. ಉತಾರ ತೆಗೆಸುವ ಕೆಲಸ ನಮ್ಮ ಕಡೆಯವರಿಗೆ ಹೊಸದಲ್ಲ. ಹೊಲಕ್ಕೆ ಪಹಣಿ ಇರುವಂತೆ ಇಲ್ಲಿ ಪ್ರತಿ ಮನೆಗೂ ಪಾಲಿಕೆಯ ಆಕಾರಣಿ ಪುಸ್ತಕದಲ್ಲಿ ಒಂದು ನಮೂದು ಇರುತ್ತದೆಂದೂ, ತೆರಿಗೆಯ ಹಣೆಬರಹವೆಲ್ಲ ಆ ಒಂದು ಸಾಲಿನಲ್ಲೇ ತೀರ್ಮಾನವಾಗಿರುತ್ತದೆಂದೂ ಅವರು ಬಿಡಿಸಿ ಹೇಳಿದ ಮೇಲೆ ಮಾಮಾನಿಗೆ ಗೆಲುವು ಬಂತು.

ಆ ಸಾಲನ್ನು ಹುಡುಕಿ ತೆಗೆಯಲು ಮೊದಲು ಬೇಕಾದದ್ದು ಖಾತೆಯ ಸಂಖ್ಯೆ. ಪುಣೆಯಲ್ಲಿ ಅದು ಮೂರು ತುಂಡುಗಳಲ್ಲಿರುತ್ತದೆ: ವಿಭಾಗವನ್ನು ತಿಳಿಸುವ ಇಂಗ್ಲಿಷ್ ಅಕ್ಷರ, ಪೇಠದ ಅಂಕಿ, ಅನಂತರ ಉದ್ದನೆಯ ಖಾತೆ ಸಂಖ್ಯೆ. ಕಸಬಾ, ಸೋಮವಾರ, ಬುಧವಾರ, ಶನಿವಾರ ಎಂದು ಹಳೆಯ ಊರಿನಲ್ಲಿರುವ ಪೇಠಗಳನ್ನು ಎಲ್ಲರೂ ಬಲ್ಲರು. ಆದರೆ ತೆರಿಗೆಯ ದಫ್ತರದ ಪ್ರಕಾರ ಕೋಥರೂಡಿನಂತಹ ಬಡಾವಣೆಯೂ ಒಂದು ಪೇಠವೇ, ಅದನ್ನು ನೋಡಿಕೊಳ್ಳುವವರಿಗೆ ಪೇಠ ನಿರೀಕ್ಷಕರೆಂದೇ ಹೆಸರು. ಸಂಖ್ಯೆ ಕೈಯಲ್ಲಿದ್ದರೆ ಪಾಲಿಕೆಯ ಜಾಲತಾಣದಲ್ಲಿ ಬಿಲ್ಲು, ಬಾಕಿ, ಹಿಂದೆ ಕಟ್ಟಿದ ರಸೀದಿ ಎಲ್ಲವೂ ನಿಮಿಷದಲ್ಲಿ ತೆರೆದುಕೊಳ್ಳುತ್ತವೆ. ಅದಿಲ್ಲದೆ ಬರೀ ಹೆಸರಿನಿಂದ ಹುಡುಕುವುದು ಕಷ್ಟ. ಖಾತೆಯಲ್ಲಿ ಇನ್ನೂ ಹಿಂದಿನ ಮಾಲೀಕರ ಹೆಸರೇ ಇತ್ತು, ಅದೂ ಮರಾಠಿಯ ರೂಢಿಯಂತೆ ತಂದೆಯ ಹೆಸರು ನಡುವೆ ಸೇರಿ ದೇವನಾಗರಿಯಲ್ಲಿ. ಹಳೆಯ ಬಿಲ್ಲಿನ ಮೂಲೆಯಲ್ಲಿದ್ದ ಸಂಖ್ಯೆಯೇ ನಮಗೆ ಆಸರೆಯಾಯಿತು. ಅದನ್ನು ಬರೆದುಕೊಂಡು, ಖರೀದಿ ಪತ್ರದ ಪ್ರತಿಯೊಂದಿಗೆ ಕ್ಷೇತ್ರೀಯ ಕಾರ್ಯಾಲಯದಲ್ಲಿ ಅರ್ಜಿ ಕೊಟ್ಟೆವು, ಉತಾರವೂ ಬಂತು.

ಒಂದೇ ಹಾಳೆಯ ಉತಾರ. ಕಟ್ಟಡದ ಹೆಸರು, ಫ್ಲ್ಯಾಟಿನ ಸಂಖ್ಯೆ, ಚದರಡಿ, ಬೆಲೆ ಕಟ್ಟಿದ ದಿನಾಂಕ, ತಿಂಗಳ ಬಾಡಿಗೆಯ ಅಂದಾಜು, ಕರಪಾತ್ರ ಮೌಲ್ಯ. ಇವುಗಳ ನಡುವೆ "ವಾಪರ" (ಬಳಕೆ) ಎಂಬ ಕಿರಿದಾದ ಕಾಲಂ. ಅದರಲ್ಲಿ "ಭಾಡೇಕರು" ಎಂದು ಬರೆದಿತ್ತು. ಮಾಮಾ ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಆ ಶಬ್ದದ ಮೇಲೆ ಬೆರಳಿಟ್ಟರು. ಹಿಂದಿನ ಮಾಲೀಕರು ಬೇರೆ ಊರಿನಲ್ಲಿದ್ದು, ಈ ಮನೆಯನ್ನು ವರ್ಷಗಟ್ಟಲೆ ಬಾಡಿಗೆಗೆ ಕೊಟ್ಟವರು. ದಾಖಲೆ ಸುಳ್ಳು ಹೇಳಿರಲಿಲ್ಲ. ಮನೆ ಮಾಮಾನ ಕೈಗೆ ಬಂದರೂ ದಫ್ತರದ ಮಟ್ಟಿಗೆ ಅಲ್ಲಿ ಇನ್ನೂ ಬಾಡಿಗೆದಾರರೇ ವಾಸವಾಗಿದ್ದರು.

ಪುಣೆಯಲ್ಲಿ ತೆರಿಗೆಯ ಬುಡ ಇರುವುದು ಮನೆಯ ಮಾರುಕಟ್ಟೆಯ ಬೆಲೆಯಲ್ಲಲ್ಲ, ಆ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದೆಂಬ ಅಂದಾಜಿನಲ್ಲಿ. 1949ರ ಮಹಾರಾಷ್ಟ್ರ ಮಹಾನಗರಪಾಲಿಕೆ ಅಧಿನಿಯಮದ ಕರಾಧಾನ ನಿಯಮಗಳಂತೆ, ಆ ವಾರ್ಷಿಕ ಬಾಡಿಗೆಯಲ್ಲಿ ದುರಸ್ತಿಗೆಂದು ಶೇ. 10 ಕಳೆದರೆ ಉಳಿಯುವುದೇ ಕರಪಾತ್ರ ಮೌಲ್ಯ. ಮಾಲೀಕನೇ ವಾಸವಿದ್ದರೆ ಪುಣೆಯಲ್ಲಿ ಅದರ ಮೇಲೆ ಶೇ. 40ರ ಸವಲತ್ತು ಬೇರೆ ಇದೆ. ಅತ್ತೆಯ ಅದೇ ಕ್ಯಾಲೆಂಡರಿನ ಹಾಳೆಯ ಮೇಲೆ ಲೆಕ್ಕ ಸುಲಭವಾಗಲೆಂದು ದುಂಡು ಅಂಕಿ ಹಿಡಿದು ಮಾಮಾನಿಗೆ ತೋರಿಸಿದೆ: ತಿಂಗಳ ಬಾಡಿಗೆ 2,000 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 24,000; ಶೇ. 10 ಕಳೆದರೆ 21,600. ಬಾಡಿಗೆದಾರರಿರುವ ಮನೆಗೆ ಇದೇ ಕೊನೆಯ ಅಂಕಿ. ಮಾಲೀಕನೇ ಇರುವ ಮನೆಗೆ ಇನ್ನೂ ಶೇ. 40 ಕಳೆದು 12,960. ಇದರ ಮೇಲೆ ಅಷ್ಟೊಂದು ಕರಗಳ ಶೇಕಡಾವಾರು ಏರಿದಾಗ, ಒಂದೇ ಅಳತೆಯ ಎರಡು ಮನೆಗಳ ನಡುವೆ ಎಷ್ಟು ಅಂತರ ಬೀಳುತ್ತದೆಂಬುದನ್ನು ಮತ್ತೆ ವಿವರಿಸಬೇಕಾಗಲಿಲ್ಲ. "ಅಂದ್ರ ಗ್ವಾಡಿಗಲ್ಲ, ಗ್ವಾಡಿಯೊಳಗ ಇರಾವ್ರಿಗೆ ಕರ" ಎಂದರು ಮಾಮಾ.

ಈ ಶೇ. 40ರ ಹಿಂದೆ ದೊಡ್ಡ ಕಥೆಯೇ ಇದೆ. 1970ರಿಂದ ನಡೆದುಕೊಂಡು ಬಂದ ಸವಲತ್ತು ಅದು. ಅದರ ಜೊತೆಗೆ ದುರಸ್ತಿಯ ಬಾಬ್ತಿನಲ್ಲಿ ಶೇ. 10ರ ಬದಲು ಶೇ. 15 ಕಳೆಯುವ ರೂಢಿಯೂ ಇತ್ತು. ಲೆಕ್ಕಪರಿಶೋಧನೆಯಲ್ಲಿ ಇದಕ್ಕೆ ಆಕ್ಷೇಪ ಬಂದು, 2019ರಲ್ಲಿ ರಾಜ್ಯ ಸರ್ಕಾರ ಸವಲತ್ತನ್ನು ತಡೆಹಿಡಿದಾಗ ಊರಿಗೆ ಊರೇ ತಳಮಳಗೊಂಡಿತ್ತು. ವ್ಯತ್ಯಾಸದ ಬಾಕಿಯ ಬಿಲ್ಲು ಬಂದವರ ಗೋಳು ನಮ್ಮ ಸೊಸೈಟಿಯ ಸಭೆಗಳಲ್ಲಿ ಬೇರೆ ವಿಷಯವನ್ನೇ ಎತ್ತಗೊಡುತ್ತಿರಲಿಲ್ಲ. 2023ರಲ್ಲಿ ಸಚಿವ ಸಂಪುಟ ಶೇ. 40ನ್ನು ಮತ್ತೆ ಊರ್ಜಿತಗೊಳಿಸಿತು. ಸವಲತ್ತು ಸಿಗದೆ ಉಳಿದವರು ತಾವೇ ಆ ಮನೆಯಲ್ಲಿ ವಾಸವಿರುವುದಕ್ಕೆ ಪುರಾವೆ ಲಗತ್ತಿಸಿ ಪಿಟಿ-3 ಎಂಬ ಅರ್ಜಿ ಕೊಡಬೇಕೆಂಬ ಏರ್ಪಾಡು ಬಂದದ್ದು ಆಗಲೇ. ನನ್ನ ಮಟ್ಟಿಗೆ ಹೇಳುವುದಾದರೆ, ಕೊಡುವ ಸವಲತ್ತಿಗೆ ಪುರಾವೆ ಕೇಳುವುದು ತಪ್ಪಲ್ಲ. ಆದರೆ ರೀಸೇಲ್ ಮನೆ ಕೊಳ್ಳುವವನಿಗೆ ಏಜೆಂಟನಾಗಲಿ, ಬ್ಯಾಂಕಿನ ವಕೀಲನಾಗಲಿ ಈ ಅರ್ಜಿಯ ಹೆಸರನ್ನೇ ಎತ್ತುವುದಿಲ್ಲ. ತೆರಿಗೆ ಬಾಕಿಯಿಲ್ಲವೆಂಬ ರಸೀದಿ ನೋಡಿದರೆ ಅವರ ಕೆಲಸ ಮುಗಿಯಿತು.

ನಡುವೆ ಮುಂಬಯಿಯ ಗೋರೆಗಾಂವಿನಲ್ಲಿರುವ ದೊಡ್ಡಮ್ಮನ ಮಗ ಫೋನಿನಲ್ಲಿ ಮಾಮಾನ ತಲೆಯಲ್ಲಿ ಹೊಸ ಹುಳ ಬಿಟ್ಟ. ಅಲ್ಲಿ ಐನೂರು ಚದರಡಿಯೊಳಗಿನ ಮನೆಗೆ ತೆರಿಗೆಯೇ ಇಲ್ಲವೆಂದೂ, ಇಲ್ಲಿ ನಾವು ಸುಮ್ಮನೆ ಕಟ್ಟುತ್ತಿದ್ದೇವೆಂದೂ ಅವನ ವಾದ. ಅವನ ಊರಿನ ಮಟ್ಟಿಗೆ ಅದು ನಿಜ: 2022ರ ಜನವರಿಯಿಂದ 500 ಚದರಡಿ ಕಾರ್ಪೆಟ್‌ವರೆಗಿನ ವಾಸದ ಮನೆಗಳಿಗೆ ಮುಂಬಯಿ ಪಾಲಿಕೆಯ ವ್ಯಾಪ್ತಿಯಲ್ಲಿ ಆಸ್ತಿ ತೆರಿಗೆ ಮನ್ನಾ ಆಗಿದೆ. ಆದರೆ ಆ ಪಾಲಿಕೆ ನಡೆಯುವುದು 1888ರ ಬೇರೆಯೇ ಕಾನೂನಿನಂತೆ. ಅಲ್ಲಿ 2010ರಿಂದ ಬಾಡಿಗೆಯ ಅಂದಾಜನ್ನು ಬಿಟ್ಟು, ಮುದ್ರಾಂಕ ಶುಲ್ಕಕ್ಕೆ ಬಳಸುವ ರೆಡಿ ರೆಕ್ನರ್ ದರದಿಂದ ಬಂಡವಾಳ ಮೌಲ್ಯ ಕಟ್ಟಿ, ಕಟ್ಟಡದ ವಯಸ್ಸು, ಬಗೆ, ಬಳಕೆಗಳಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿ ತೆರಿಗೆ ಹಾಕುತ್ತಾರೆ. ಒಂದೇ ರಾಜ್ಯದೊಳಗೆ ಮೂರು ತಾಸಿನ ಹಾದಿಯ ಎರಡು ಊರುಗಳ ತೆರಿಗೆಯ ಲೆಕ್ಕ ಒಂದಕ್ಕೊಂದು ತಾಳೆಯಾಗುವುದಿಲ್ಲವೆಂಬುದನ್ನು ಮಾಮಾನಿಗೆ ಒಪ್ಪಿಸಲು ಒಂದು ಸಂಜೆಯೇ ಬೇಕಾಯಿತು.

ಪಿಟಿ-3 ಅರ್ಜಿಯ ಶುಲ್ಕ 25 ರೂಪಾಯಿ, ಕಷ್ಟವಿದ್ದದ್ದು ಪುರಾವೆಗಳಲ್ಲಿ. ಆ ಮನೆಯಲ್ಲಿ ಮಾಲೀಕನೇ ಇದ್ದಾನೆಂಬ ಸೊಸೈಟಿಯ ಪತ್ರ, ಮತದಾರರ ಚೀಟಿ, ಪಾಸ್‌ಪೋರ್ಟು, ಚಾಲನಾ ಪರವಾನಗಿ, ರೇಷನ್ ಕಾರ್ಡು, ಗ್ಯಾಸಿನ ಪುಸ್ತಕ ಇಂಥವು ಬೇಕು. ಊರಿನಲ್ಲಿ ಇನ್ನೊಂದು ಆಸ್ತಿ ಇದ್ದರೆ ಅದರ ಬಿಲ್ಲಿನ ಪ್ರತಿಯೂ ಬೇಕು. ಮಾಮಾನ ಕಡತ ತೆರೆದರೆ ಎಲ್ಲದರಲ್ಲೂ ಮಾಳಮಡ್ಡಿಯ ವಿಳಾಸ. ನಲವತ್ತು ವರ್ಷ ಮತ ಹಾಕಿದ ಊರಿನ ಪಟ್ಟಿಯಿಂದ ಹೆಸರು ತೆಗೆಸಲು ಅವರಿಗೆ ಮನಸ್ಸೇ ಇರಲಿಲ್ಲ. "ತೆರಿಗಿ ಉಳಿಸಾಕ ಊರ ಬಿಡಬೇಕೇನು?" ಎಂದು ಅತ್ತೆಯ ಮೇಲೆ ರೇಗಿದರು. ಗ್ಯಾಸ್ ಸಂಪರ್ಕವನ್ನು ಇಲ್ಲಿಗೆ ವರ್ಗಾಯಿಸಿದ ಪುಸ್ತಕ ಮೊದಲು ಕೈಗೆ ಬಂತು. ಸೊಸೈಟಿಯ ಕಾರ್ಯದರ್ಶಿ ತಡಮಾಡದೆ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದು ಮೊಹರು ಒತ್ತಿದರು. ಆಧಾರಿನ ವಿಳಾಸ ಬದಲಾದ ಮೇಲೆ, ಕೊನೆಯಲ್ಲಿ ಮತದಾರರ ಪಟ್ಟಿಯ ಅರ್ಜಿಗೂ ಮಾಮಾ ತಾವೇ ಸಹಿ ಹಾಕಿದರು, ಯಾರೂ ಒತ್ತಾಯಿಸದೆ.

ಅರ್ಜಿಯ ಜೊತೆಜೊತೆಗೆ ಖಾತೆಯ ಹೆಸರು ಬದಲಿಸುವ ಹಸ್ತಾಂತರದ ಕೆಲಸವನ್ನೂ ಮಾಡಿದೆವು. ಅದಕ್ಕೆ ಖರೀದಿಯ ಸಾರಾಂಶವಿರುವ ನೋಂದಣಿ ಕಚೇರಿಯ ಇಂಡೆಕ್ಸ್-2 ಪ್ರತಿ, ಸೊಸೈಟಿಯ ಒಪ್ಪಿಗೆ ಪತ್ರ, ತೆರಿಗೆ ಕಟ್ಟಿದ ರಸೀದಿ ಕೊಟ್ಟೆವು. ತೆರಿಗೆಯ ಖಾತೆಯಲ್ಲಿ ಹೆಸರು ಏರಿದರೆ ಮಾಲೀಕತ್ವವೇ ಸಿದ್ಧವಾಯಿತೆಂದು ಮಾಮಾ ತಿಳಿದಿದ್ದರು. ತೆರಿಗೆಯ ಪುಸ್ತಕ ಹೇಳುವುದು ಯಾರಿಂದ ವಸೂಲು ಮಾಡಬೇಕೆಂಬುದನ್ನು ಮಾತ್ರ. ಮಾಲೀಕತ್ವಕ್ಕೆ ಆಧಾರ ನೋಂದಾಯಿತ ಪತ್ರ. ನೆಲದ ಹಕ್ಕಿನ ದಾಖಲೆ ನಗರ ಭೂಮಾಪನ ಕಚೇರಿಯ ಪ್ರಾಪರ್ಟಿ ಕಾರ್ಡು. ಆ ಕಾರ್ಡನ್ನೂ ತೆಗೆಸಿ ನೋಡಿದಾಗ ಅದರಲ್ಲಿ ಕಟ್ಟಡ ಎದ್ದ ಜಾಗದ ಮೂಲ ಭೂಮಾಲೀಕರ ಹೆಸರೇ ಇತ್ತು, ಸೊಸೈಟಿಯ ಹೆಸರಿಗೆ ಕನ್ವೆಯನ್ಸ್, ಅಂದರೆ ನೆಲದ ಹಕ್ಕಿನ ವರ್ಗಾವಣೆ, ಆಗಿರಲಿಲ್ಲ. ಇದು ಈ ಊರಿನ ಹಳೆಯ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಯಾದರೂ, ಮಾಮಾನಿಗೆ ಸಿಡಿಲು ಬಡಿದಂತಾಯಿತು.

ಪೇಠ ನಿರೀಕ್ಷಕರು ಬಂದು ಮನೆ ನೋಡಿದರು, ಅಡುಗೆಮನೆಯಲ್ಲಿ ಅತ್ತೆಯೊಂದಿಗೆ ಎರಡು ಮಾತಾಡಿದರು, ಕಾಗದಗಳಿಗೆ ಸಹಿ ಮಾಡಿಸಿಕೊಂಡು ಹೋದರು. ಮುಂದಿನ ಬಿಲ್ಲಿನಲ್ಲಿ ಕರಪಾತ್ರ ಮೌಲ್ಯ ಎದುರುಮನೆಯ ಅಂಕಿಗೆ ಸಮನಾಗಿ ಇಳಿದು ಬಂತು. ಬಾಡಿಗೆದಾರರಿದ್ದ ವರ್ಷಗಳ ಹೆಚ್ಚಿನ ತೆರಿಗೆಯೂ ವಾಪಸು ಬರಬೇಕಿತ್ತೆಂದು ಮಾಮಾ ಸ್ವಲ್ಪ ದಿನ ಗೊಣಗಿದರು. ಆ ವರ್ಷಗಳಲ್ಲಿ ಬಾಡಿಗೆ ಪಡೆದವರೂ ತೆರಿಗೆ ಕಟ್ಟಿದವರೂ ಬೇರೆಯವರೆಂದು ಅತ್ತೆ ನೆನಪಿಸಿದ ಮೇಲೆ ಸುಮ್ಮನಾದರು. ತಡಮಾಡಿದರೆ ಬೀಳುವ ತಿಂಗಳಿಗೆ ಶೇ. 2ರ ಶಾಸ್ತಿಯ (ದಂಡದ) ಭಯ ಒಂದು ಕಡೆ, ವರ್ಷದ ಆರಂಭದಲ್ಲೇ ಕಟ್ಟಿದರೆ ಸರ್ವಸಾಧಾರಣ ಕರದಲ್ಲಿ ಸಿಗುವ ರಿಯಾಯಿತಿಯ ಆಸೆ ಇನ್ನೊಂದು ಕಡೆ, ಬಿಲ್ಲು ಬಂದ ವಾರದಲ್ಲೇ ಹಣ ಕಟ್ಟಿಬಿಟ್ಟರು. ಈಗ ಅವರ ಚೀಲದಲ್ಲಿರುವುದು ಪ್ರಾಪರ್ಟಿ ಕಾರ್ಡಿನ ನಕಲು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಭೂಮಾಲೀಕರು ಮುಂದೆ ಬರದಿದ್ದರೂ ಸರ್ಕಾರಿ ಅಧಿಕಾರಿಯ ಮೂಲಕ ನೆಲದ ಹಕ್ಕು ಪಡೆಯುವ ಡೀಮ್ಡ್ ಕನ್ವೆಯನ್ಸಿನ ಠರಾವು ಮಂಡಿಸುವುದಾಗಿ ಕಾರ್ಯದರ್ಶಿಗೆ ಲಿಖಿತ ನೋಟೀಸು ಕೊಟ್ಟಿದ್ದಾರೆ, ಮರಾಠಿಯಲ್ಲಿ ಅದನ್ನು ಬರೆದುಕೊಟ್ಟವನು ನಾನೇ.