ನಾಳೆಗೆ ಎತ್ತಿಟ್ಟ ಮನ್ನ
ಬೈಬಲಿನ ವಿಮೋಚನಕಾಂಡ 16 ಮತ್ತೆ ಓದಿದೆ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದಿನಾ ಬೆಳಿಗ್ಗೆ ಮನ್ನ, ಅಂದರೆ ದೇವರು ಕೊಡುತ್ತಿದ್ದ ಆಹಾರ, ಸಿಗುತ್ತಿತ್ತು, ತಲೆಗೊಂದು ಓಮೆರ್ ಅಳತೆಯಷ್ಟು, ಆದರೂ ಅವರ ನಾಯಕ ಮೋಶೆ ಬೇಡ ಅಂದ ಮೇಲೂ ಕೆಲವರು ನಾಳೆಗಿರಲಿ ಅಂತ ಎತ್ತಿಟ್ಟರು, ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರುತ್ತಿತ್ತು. ದುರಾಸೆ ಅಂತ ಬೈಯುವವರಿದ್ದಾರೆ. ನನಗೆ ಅದು ಭಯ ಅನ್ನಿಸುತ್ತದೆ. ಈಜಿಪ್ಟಿನಲ್ಲಿ ಗುಲಾಮರಾಗಿದ್ದವರು ಅಲ್ವಾ, ದೇವರು ನಾಳೆ ಕೊಡುತ್ತಾನೋ ಇಲ್ಲವೋ ಅನ್ನುವ ಅನುಮಾನ ಅಷ್ಟು ಬೇಗ ಹೋಗುತ್ತದಾ? ಅಪ್ಪನ ಸ್ಕ್ಯಾನ್ ರಿಪೋರ್ಟ್ ಏನಾಗುತ್ತೋ, ದುಡ್ಡಿಗೇನು ಮಾಡೋದು ಅಂತ ರಾತ್ರಿಯೆಲ್ಲ ಲೆಕ್ಕ ಹಾಕುವ ನನಗೆ ಅವರು ಚೆನ್ನಾಗಿ ಅರ್ಥವಾಗುತ್ತಾರೆ. ಹಾಗಂತ ನಂಬಿಕೆ ಇದ್ದರೆ ಸುಮ್ನೆ ಕೈಕಟ್ಟಿ ಕೂರಬೇಕು ಅಂತಲೂ ಇಲ್ಲ. ಬಿಸಿಲೇರಿದರೆ ಮನ್ನ ಕರಗುತ್ತಿತ್ತು, ಬೇಗ ಎದ್ದು ಕೂಡಿಸಲೇಬೇಕಿತ್ತು. ಸಬ್ಬತ್ತಿಗೆ, ಅಂದರೆ ಏಳನೇ ದಿನದ ವಿಶ್ರಾಂತಿಗೆ ಅಂತ ಆರನೇ ದಿನ ದೇವರೇ ಎತ್ತಿಡಿಸಿದ್ದು ಮಾತ್ರ ಕೆಡಲಿಲ್ಲ. ರಿಪೋರ್ಟ್ ನಾಳೆ ಬರುತ್ತದೆ. ಇವತ್ತು ಪ್ರಾರ್ಥನೆ ಮಾಡಿ ಮಲಗುತ್ತೇನೆ, ಗೂಗಲ್ ಮಾಡುವುದಿಲ್ಲ.