ಕೋಟಿನ ಒಳಗೊಂದು, ಹೊರಗೊಂದು

"ಲಿವರ್‌ಪೂಲ್‌ಗೆ ಬರ್ತೀಯಾ? ನನ್ನ ಮಂಡಿ ಕೈ ಕೊಟ್ಟಿದೆ. ಬ್ಯಾಗ್ ಹಿಡ್ಕೊಳ್ಳೋಕೆ ಒಬ್ಬರು ಬೇಕು" ಅಂತ ಪಕ್ಕದ ಮನೆಯಾಕೆ ಕೇಳಿದಾಗ ಹೂಂ ಅಂದುಬಿಟ್ಟೆ. 2025ರ ಸೆಪ್ಟೆಂಬರ್ ಕೊನೆಯ ಮಾತು. ಅಲ್ಲಿ ಬ್ರಿಟನ್ನಿನ ಲೇಬರ್ ಪಕ್ಷದ ವಾರ್ಷಿಕ ಅಧಿವೇಶನವಿತ್ತು.

ನಾನಿರುವುದು ಮ್ಯಾಂಚೆಸ್ಟರ್‌ನ ಉತ್ತರಕ್ಕಿರುವ ಪ್ರೆಸ್ಟ್‌ವಿಚ್‌ನಲ್ಲಿ. ಲಂಡನ್ ಬಿಟ್ಟರೆ ಬ್ರಿಟನ್ನಿನಲ್ಲಿ ಯಹೂದಿಗಳು ಜಾಸ್ತಿ ಇರುವುದು ಈ ಕಡೆಯೇ. ಶುಕ್ರವಾರ ಮಧ್ಯಾಹ್ನ ನಮ್ಮ ಬೀದಿಯ ಬೇಕರಿ ಮುಂದೆ ನಿಲ್ಲುವ ಸಾಲು ನೋಡಿದರೆ ಗೌರಿಹಬ್ಬದ ಹಿಂದಿನ ದಿನದ ಹೂವಿನಂಗಡಿ ನೆನಪಾಗುತ್ತದೆ. ಪಕ್ಕದ ಮನೆಯಾಕೆಗೆ ಎಪ್ಪತ್ತು ದಾಟಿದೆ. ಮೇಷ್ಟ್ರ ಕೆಲಸದಿಂದ ನಿವೃತ್ತಿ. ಅವರಪ್ಪ ಚೀತಮ್ ಹಿಲ್‌ನಲ್ಲಿ ರೇನ್‌ಕೋಟ್ ಹೊಲಿಯುವ ಕಾರ್ಖಾನೆಯಲ್ಲಿದ್ದರಂತೆ, ಯೂನಿಯನ್ ಮನುಷ್ಯ. "ಯಹೂದಿ ಆಗಿದ್ದೂ ಲೇಬರ್ ಆಗಿದ್ದೂ ನಾನು ಕೇಳಿ ಪಡೆದದ್ದಲ್ಲ, ಮನೆಯಿಂದ ಬಂದದ್ದು" ಅನ್ನುತ್ತಾರೆ.

ಸೋಮವಾರ ಬೆಳಿಗ್ಗೆ ವಿಕ್ಟೋರಿಯಾ ಸ್ಟೇಷನ್ನಿನಿಂದ ರೈಲು. ಎರಡು ಊರುಗಳ ನಡುವೆ ಉಗಿಬಂಡಿಯಲ್ಲಿ ಜನ ಓಡಾಡಲು ಶುರುಮಾಡಿದ್ದು ಇದೇ ದಾರಿಯಲ್ಲಿ, 1830ರಲ್ಲಿ. ಉದ್ಘಾಟನೆಯ ದಿನವೇ ಲಿವರ್‌ಪೂಲ್‌ನ ಎಂಪಿ ವಿಲಿಯಂ ಹಸ್ಕಿಸನ್, ಪ್ರಧಾನಿ ವೆಲಿಂಗ್ಟನ್ ಜೊತೆ ಮುನಿಸು ಮರೆತು ಮಾತಾಡೋಣ ಅಂತ ಹಳಿಗೆ ಇಳಿದರು. ಎದುರಿಂದ 'ರಾಕೆಟ್' ಎಂಜಿನ್ ಬಂತು. ಅವತ್ತು ರಾತ್ರಿಯೇ ತೀರಿಕೊಂಡರು. ಹಳಿ ಪಕ್ಕ ನೆನಪಿನ ಕಲ್ಲಿದೆ, ಆದರೆ ಈಗಿನ ವೇಗದಲ್ಲಿ ಕಣ್ಣಿಗೆ ಸಿಗಲ್ಲ. "ಸ್ವಂತ ಪಕ್ಷದವರ ಹತ್ರ ರಾಜಿಗೆ ಹೋದ್ರೆ ಹೀಗೇ" ಅಂತ ನಕ್ಕರು ನಮ್ಮ ಪಕ್ಕದ ಮನೆಯಾಕೆ.

ಅದು ಸುಮ್ನೆ ಬಂದ ಮಾತಲ್ಲ. ಅವರು 2019ರಲ್ಲಿ ಪಕ್ಷ ಬಿಟ್ಟವರು. ಜೆರೆಮಿ ಕಾರ್ಬಿನ್ ನಾಯಕರಾಗಿದ್ದ ಕಾಲ. ಪಕ್ಷದೊಳಗೆ ಯಹೂದಿದ್ವೇಷದ ದೂರುಗಳು ರಾಶಿ ಬಿದ್ದಿದ್ದವು. 2018ರ ಅಧಿವೇಶನವೂ ಲಿವರ್‌ಪೂಲ್‌ನಲ್ಲೇ ಇತ್ತು. ಅದೇ ಊರಿನ ವೇವರ್‌ಟ್ರೀ ಕ್ಷೇತ್ರದ ಎಂಪಿ ಲೂಸಿಯಾನಾ ಬರ್ಗರ್ ಆಗ ಪೊಲೀಸ್ ರಕ್ಷಣೆಯಲ್ಲಿ ಓಡಾಡಬೇಕಾಯಿತು. ತಮ್ಮದೇ ಪಕ್ಷದ ಸಭೆಗೆ, ತಮ್ಮದೇ ಊರಿನಲ್ಲಿ! ಮರುವರ್ಷ ಫೆಬ್ರವರಿಯಲ್ಲಿ ಅವರು ಪಕ್ಷ ಬಿಟ್ಟರು. ಅಕ್ಟೋಬರ್‌ನಲ್ಲಿ ರಿವರ್‌ಸೈಡ್ ಕ್ಷೇತ್ರದ ಲೂಯಿಸ್ ಎಲ್‌ಮನ್ ಬಿಟ್ಟರು. ನಮ್ಮಾಕೆಯೂ ಸದಸ್ಯತ್ವದ ಕಾರ್ಡು ಕತ್ತರಿಸಿ ಅಂಚೆಗೆ ಹಾಕಿದರಂತೆ. 2020ರ ಅಕ್ಟೋಬರ್ 29ರಂದು ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ವರದಿ ಕೊಟ್ಟಿತು. ಕಿರುಕುಳ, ತಾರತಮ್ಯದಲ್ಲಿ ಪಕ್ಷ ಕಾನೂನು ಮುರಿದಿದೆ ಅಂತ ಅದರಲ್ಲಿ ನೇರವಾಗಿ ಬರೆದಿತ್ತು. 2021ರ ಬ್ರೈಟನ್ ಅಧಿವೇಶನದಲ್ಲಿ ದೂರು ವಿಚಾರಣೆಯ ನಿಯಮ ಬದಲಾಯಿತು. ಆಮೇಲೆ ಎಲ್‌ಮನ್ ವಾಪಸ್ ಬಂದರು, ಬರ್ಗರ್ ಬಂದರು, ನಮ್ಮಾಕೆಯೂ ಬಂದರು.

"ಜಗಳ ಆಡಿ ತವರಿಗೆ ಹೋದವಳು ಗಂಡನ ಮನೆಗೆ ವಾಪಸ್ ಬಂದ ಹಾಗೆ" ಅಂದೆ. ನಮ್ಮ ಕಡೆಯ ಗಾದೆಯೇನೋ ಅಂದುಕೊಂಡರು. ಹೌದು ಅಂದೆ.

ಪಕ್ಷದ ಅಧಿವೇಶನ ಅಂದರೆ ನನ್ನ ತಲೆಯಲ್ಲಿದ್ದದ್ದು ಶಾಮಿಯಾನ, ಲಾರಿಗಳಲ್ಲಿ ಜನ, ಪಲಾವ್. ಇಲ್ಲಿ ಹಾಗಲ್ಲ. ಹಡಗುಕಟ್ಟೆಯ ಪಕ್ಕದ ದೊಡ್ಡ ಸಭಾಂಗಣ. ಸುತ್ತ ಆಳೆತ್ತರ ಮೀರಿದ ಉಕ್ಕಿನ ಬೇಲಿ. ವಾರಗಳ ಮೊದಲೇ ಫೋಟೋ ಕೊಟ್ಟು, ದುಡ್ಡು ಕಟ್ಟಿ, ಪೊಲೀಸ್ ತಪಾಸಣೆ ಮುಗಿದ ಮೇಲೆ ಪಾಸು. ಅವರಿಗೆ ಪಾಸಿತ್ತು, ನನಗಿರಲಿಲ್ಲ. ಬೇಲಿಯ ಹೊರಗೆ ಘೋಷಣೆ, ಪ್ಯಾಲೆಸ್ಟೈನ್ ಬಾವುಟ, ಇಸ್ರೇಲ್ ಬಾವುಟ, ಕುದುರೆ ಪೊಲೀಸರು, ಮರ್ಸಿ ನದಿಯಿಂದ ಬೀಸುವ ಕೊರೆಯುವ ಗಾಳಿ.

ಗೇಟಿನ ಹತ್ತಿರ ನಿಂತು ಅವರು ಪಾಸನ್ನು ಕೊರಳಿಗೆ ಹಾಕಿಕೊಂಡರು. ಆಮೇಲೆ ಕೋಟಿನ ಮೇಲಿನ ಗುಂಡಿ ಬಿಚ್ಚಿ, ಬೆಳ್ಳಿ ಸರದಲ್ಲಿದ್ದ, ಯಹೂದಿಗಳ ಗುರುತಾದ ಆರು ಮೂಲೆಯ ನಕ್ಷತ್ರವನ್ನು ಒಳಗೆ ತಳ್ಳಿ, ಗುಂಡಿ ಹಾಕಿದರು. ನಾನು ನೋಡಿದ್ದನ್ನು ನೋಡಿದರು. "ಒಳಗಿನವರಿಗೆ ಹೆದರಿ ಅಲ್ಲ. ದಾರಿಯಲ್ಲಿ ಯಾರೋ ಕೇಳ್ತಾರೆ, ಉತ್ತರ ಕೊಟ್ಟು ಸಾಕಾಗಿದೆ" ಅಂದರು.

ಅರ್ಧ ಗಂಟೆ ಮುಂಚೆ ಕಾಫಿ ಸಾಲಿನಲ್ಲಿ ಆಗಿತ್ತು ಅದು. ಒಬ್ಬ ಹುಡುಗ, ಮುಖದಲ್ಲಿ ಕೆಟ್ಟತನವೇನೂ ಇಲ್ಲ, ಸರ ನೋಡಿ ಕೇಳಿದ: "ಗಾಜಾ ಬಗ್ಗೆ ನಿಮ್ಮ ನಿಲುವೇನು?" ನನ್ನನ್ನು ಕೇಳಲಿಲ್ಲ. ಹಿಂದೆ ನಿಂತಿದ್ದ ನಾಲ್ಕು ಜನರನ್ನೂ ಕೇಳಲಿಲ್ಲ. ನೆತನ್ಯಾಹುವನ್ನು ಇವರು ಬೈಯುವುದನ್ನು ನಮ್ಮ ಹಿತ್ತಲ ಬೇಲಿಯಾಚೆಯಿಂದ ವಾರಕ್ಕೆರಡು ಸಲ ಕೇಳುತ್ತೇನೆ. "ಅಲ್ಲಿನ ಮಕ್ಕಳನ್ನು ಟಿವಿಯಲ್ಲಿ ನೋಡಿ ನನಗೂ ನಿದ್ದೆ ಬರಲ್ಲ. ಆದರೆ ಲೆಕ್ಕ ನಾನೇ ಯಾಕೆ ಒಪ್ಪಿಸಬೇಕು?" ಅಂದರು. ನನಗೆ ಹೈಸ್ಕೂಲು ನೆನಪಾಯಿತು. ಭಾರತ-ಪಾಕಿಸ್ತಾನ ಮ್ಯಾಚಿನ ದಿನ ಕ್ಲಾಸಿನ ಒಬ್ಬನೇ ಮುಸ್ಲಿಂ ಹುಡುಗನನ್ನು "ನೀನ್ಯಾರ ಕಡೆ?" ಅಂತ ಕೇಳುತ್ತಿದ್ದೆವು. ತಮಾಷೆಗೆ. ಕೇಳಿದವರಲ್ಲಿ ನಾನೂ ಒಬ್ಬ.

ಅವರು ಒಳಗೆ ಹೋದ ಮೇಲೆ ಹೋಪ್ ಸ್ಟ್ರೀಟ್ ಹಿಡಿದು ನಡೆದೆ. ಆ ಬೀದಿಯ ಒಂದು ತುದಿಗೆ ಕ್ಯಾಥೊಲಿಕರ ಕೆಥೆಡ್ರಲ್, ಇನ್ನೊಂದು ತುದಿಗೆ ಆಂಗ್ಲಿಕನ್ನರದು. ಇನ್ನಷ್ಟು ಮುಂದೆ ಪ್ರಿನ್ಸಸ್ ರೋಡಿನಲ್ಲಿ 1874ರಲ್ಲಿ ಕಟ್ಟಿದ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ, ಇದೆ. ಕೆಂಪು ಇಟ್ಟಿಗೆ, ಕುದುರೆ ಲಾಳದಂಥ ಕಮಾನು, ಮೇಲೆ ಚಕ್ರದಂಥ ಗಾಜಿನ ಕಿಟಕಿ. ದೂರದಿಂದ ಅರ್ಧ ಚರ್ಚು, ಅರ್ಧ ಮಸೀದಿ ಅನ್ನಿಸುತ್ತದೆ. ಅಕ್ಕಪಕ್ಕದಲ್ಲೇ ಗುಮ್ಮಟಗಳ ಗ್ರೀಕ್ ಚರ್ಚು, ಪಾಳುಬಿದ್ದ ವೆಲ್ಷ್ ಚರ್ಚು. ಬಂದರಿನ ದುಡ್ಡಿದ್ದ ಕಾಲದಲ್ಲಿ ಎಲ್ಲರೂ ಪೈಪೋಟಿಗೆ ಬಿದ್ದು ಕಟ್ಟಿದ್ದು. 1979ರಲ್ಲಿ ಬೆಂಕಿ ಬಿದ್ದು ಸಿನಗಾಗಿನ ಒಳಗೆ ತುಂಬಾ ಹಾಳಾಗಿತ್ತು, ಮತ್ತೆ ಸರಿಮಾಡಿದ್ದಾರೆ. ಒಳಗೆ ನೋಡಲು ಮೊದಲೇ ಬುಕ್ ಮಾಡಬೇಕಿತ್ತು. ಮಾಡಿರಲಿಲ್ಲ. ಫೋಟೋ ತೆಗೆಯಲು ಮೊಬೈಲ್ ಎತ್ತಿದವನು ಇಳಿಸಿಬಿಟ್ಟೆ. ಈ ದೇಶದಲ್ಲಿ ಸಿನಗಾಗ್ ಮುಂದೆ ನಿಂತು ಸುಮ್ನೆ ಫೋಟೋ ತೆಗೆಯುವವನನ್ನು ಯಾರಾದರೂ ಗಮನಿಸುತ್ತಲೇ ಇರುತ್ತಾರೆ, ಗಮನಿಸಲೂಬೇಕು. ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್ ಅಂತ ಯಹೂದಿಗಳದೇ ಕಾವಲು ಸಂಸ್ಥೆಯಿದೆ. ಅದರ ಪಟ್ಟಿಯಲ್ಲಿ ಯಹೂದಿದ್ವೇಷದ ಪ್ರಕರಣಗಳು 2022ರಲ್ಲಿ 1,600ರ ಆಸುಪಾಸಿದ್ದವು. 2023ರಲ್ಲಿ 4,000 ದಾಟಿದವು. ಬಹುಪಾಲು ಆ ವರ್ಷದ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿದ ಮೇಲಿನವು.

ಅವತ್ತು ಸಭೆಯಲ್ಲಿ ಗಾಜಾ ನಿರ್ಣಯ ಪಾಸಾಯಿತು. ಇಸ್ರೇಲ್ ನರಮೇಧ ನಡೆಸಿದೆ ಎಂಬ ವಿಶ್ವಸಂಸ್ಥೆ ವಿಚಾರಣಾ ಆಯೋಗದ ತೀರ್ಮಾನವನ್ನು ಒಪ್ಪಬೇಕು ಅನ್ನುವುದು. ಅವರಿಗೆ ಓಟಿರಲಿಲ್ಲ, ಕೂತು ನೋಡಿದರು. ರಾತ್ರಿ ಚಿಪ್ಸ್ ತಿನ್ನುತ್ತಾ, "ನಿರ್ಣಯದಲ್ಲಿ ಅರ್ಧ ನಾನೂ ಒಪ್ಪುತ್ತಿದ್ದೆನೇನೋ. ಆದರೆ ಚಪ್ಪಾಳೆ ಹೊಡೆಯುವಾಗ ಪಕ್ಕದವಳು ನನ್ನ ಕೈ ನೋಡ್ತಾ ಇದ್ದಳು" ಅಂದರು. ಮಂಗಳವಾರ ಪಕ್ಷದ ನಾಯಕರೂ ಪ್ರಧಾನಿಯೂ ಆಗಿದ್ದ ಕೀರ್ ಸ್ಟಾರ್ಮರ್ ಭಾಷಣ. ಸಭಿಕರಿಗೆಲ್ಲ ಪುಟ್ಟ ಬಾವುಟ ಹಂಚಿದ್ದರಂತೆ, ಒಂದನ್ನು ನನ್ನ ಮಗಳಿಗೆ ತಂದರು. ಅದೀಗ ನಮ್ಮ ಕರಿಬೇವಿನ ಕುಂಡದಲ್ಲಿದೆ.

ಬುಧವಾರ ಸಂಜೆಯಿಂದ ಯೋಮ್ ಕಿಪ್ಪುರ್, ಯಹೂದಿಗಳ ಪ್ರಾಯಶ್ಚಿತ್ತದ ದಿನ. ಇಪ್ಪತ್ತೈದು ಗಂಟೆ ನೀರೂ ಇಲ್ಲದ ಉಪವಾಸ, ನಮ್ಮ ನಿರ್ಜಲ ಏಕಾದಶಿಯ ಹಾಗೆ. ವರ್ಷವೆಲ್ಲ ಅಷ್ಟಕ್ಕಷ್ಟೇ ಇರುವ ನಮ್ಮಾಕೆ ಇದೊಂದನ್ನು ತಪ್ಪಿಸುವುದಿಲ್ಲ. ಫೋನ್ ಆಫ್ ಮಾಡಿ ಡ್ರಾಯರಿಗೆ ಹಾಕುತ್ತಾರೆ.

ಗುರುವಾರ, ಅಕ್ಟೋಬರ್ 2. ಬೆಳಿಗ್ಗೆ ಹೆಲಿಕಾಪ್ಟರ್ ಸದ್ದು ನಿಲ್ಲಲೇ ಇಲ್ಲ. ನಮ್ಮಲ್ಲಿಂದ ತುಸು ದೂರದ ಕ್ರಂಪ್ಸಾಲ್‌ನಲ್ಲಿ, ಹೀಟನ್ ಪಾರ್ಕ್ ಸಿನಗಾಗ್ ಮುಂದೆ, ಒಬ್ಬ ಕಾರು ನುಗ್ಗಿಸಿ ಆಮೇಲೆ ಚಾಕು ಹಿಡಿದಿದ್ದ. ಒಳಗಿದ್ದವರು ಬಾಗಿಲು ಒತ್ತಿ ಹಿಡಿದಿದ್ದರು. ಮೊದಲ ಕರೆ ಬಂದ ಏಳು ನಿಮಿಷದಲ್ಲಿ ಪೊಲೀಸರು ಅವನನ್ನು ಕೊಂದರು. ಇಬ್ಬರು ಸತ್ತರು. ಒಬ್ಬರಿಗೆ 53, ಇನ್ನೊಬ್ಬರಿಗೆ 66. ಅವರಲ್ಲೊಬ್ಬರಿಗೆ ತಗುಲಿದ್ದು ಪೊಲೀಸರದೇ ಗುಂಡು ಅಂತ ಮರುದಿನ ಗೊತ್ತಾಯಿತು.

ನಮ್ಮಾಕೆ ಬೇರೆ ಸಿನಗಾಗಿಗೆ ಹೋಗುವುದು ಅಂತ ಗೊತ್ತಿತ್ತು. ಆದರೂ ಎರಡು ಸಲ ಅವರ ಬಾಗಿಲು ಬಡಿದು ಬಂದೆ. ಮಧ್ಯಾಹ್ನ ಅಮ್ಮನ ಫೋನು. ಅವತ್ತು ವಿಜಯದಶಮಿ. "ಜಂಬೂಸವಾರಿ ನೋಡ್ತಿದ್ದೆ ಕಣೋ, ಕೆಳಗೆ ಮ್ಯಾಂಚೆಸ್ಟರ್ ಅಂತ ಓಡ್ತು. ನಿಮ್ಮ ಮನೆ ಹತ್ರಾನಾ?" ಶಿವಮೊಗ್ಗದಲ್ಲಿ ಕೂತ ಅಮ್ಮನಿಗೆ ಗೊತ್ತಾಗಿತ್ತು. ಪಕ್ಕದ ಮನೆಯಾಕೆಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ತಿಳಿಯದು.

ಗೊತ್ತಾಗಿತ್ತು. ಕಾವಲಿನವರು ಬಾಗಿಲು ಭದ್ರ ಮಾಡಿ, ಪ್ರಾರ್ಥನೆಯ ನಡುವೆ ಬಂದು ಹೇಳಿದ್ದರಂತೆ. ಪ್ರಾರ್ಥನೆ ಮುಂದುವರಿಸಿದರಂತೆ. ಕತ್ತಲಾದ ಮೇಲೆ ಬಂದು, ನಿಂತಲ್ಲೇ ಒಂದು ಲೋಟ ನೀರು ಕುಡಿದು, ಡ್ರಾಯರಿನಿಂದ ಫೋನ್ ತೆಗೆದು ಆನ್ ಮಾಡಿದರು. ಮೇಜಿನ ಮೇಲೆ ಅದು ಗುಂಯ್ ಗುಂಯ್ ಅಂತ ಜೀರುಂಡೆಯ ಹಾಗೆ ಜರುಗತೊಡಗಿತು. ಮೇಜಿನ ಅಂಚಿಗೆ ಬಂದಾಗ ನಾನೇ ಹಿಡಿದೆ.

ಶುಕ್ರವಾರ ಶ್ರದ್ಧಾಂಜಲಿ ಸಭೆ. ಲೇಬರ್ ಸರ್ಕಾರದ ಉಪಪ್ರಧಾನಿ ಡೇವಿಡ್ ಲ್ಯಾಮಿ ಮಾತಾಡಲು ನಿಂತಾಗ ಜನ "ನಾಚಿಕೆಯಾಗಬೇಕು" ಅಂತ ಕೂಗಿದರು. ನಮ್ಮಾಕೆ ಕೂಗಲಿಲ್ಲ. ಕೂಗಿದವರನ್ನು ಸುಮ್ಮನಿರಿ ಅಂತಲೂ ಅನ್ನಲಿಲ್ಲ.

ಭಾನುವಾರ ಇಬ್ಬರೂ ಕ್ರಂಪ್ಸಾಲ್‌ಗೆ ಹೋಗಿ ಹೂವಿಟ್ಟು ಬಂದೆವು. ಅಲ್ಲಿಂದ ಟ್ರಾಮ್ ಹಿಡಿದು ಪೇಟೆಗೆ. ಅವತ್ತೇ ಲೇಬರ್‌ನ ಎದುರಾಳಿ ಕನ್ಸರ್ವೇಟಿವ್ ಪಕ್ಷದ ಅಧಿವೇಶನ ಮ್ಯಾಂಚೆಸ್ಟರ್‌ನಲ್ಲಿ ಶುರುವಾಗಿತ್ತು. ಮತ್ತೆ ಬೇಲಿ, ಮತ್ತೆ ಪಾಸು. ವಿಕ್ಟೋರಿಯಾದಲ್ಲಿ ಹತ್ತಿದ ಸೂಟಿನ ಹುಡುಗನೊಬ್ಬ ಸಭಾಂಗಣಕ್ಕೆ ಎಲ್ಲಿ ಇಳಿಯಬೇಕು ಅಂತ ಇವರನ್ನೇ ಕೇಳಿದ. ಅವತ್ತು ಕೋಟಿನ ಗುಂಡಿ ಹಾಕಿರಲಿಲ್ಲ. ಸರ ನೋಡಿದ. ಏನೂ ಪ್ರಶ್ನೆ ಕೇಳಲಿಲ್ಲ, "ತುಂಬಾ ಬೇಜಾರಾಯ್ತು" ಅಂದ.

"ಥ್ಯಾಂಕ್ಸ್. ಸೇಂಟ್ ಪೀಟರ್ಸ್ ಸ್ಕ್ವೇರ್‌ನಲ್ಲಿ ಇಳೀರಿ" ಅಂದರು ಇವರು.

ಅವನು ಇಳಿದು ಹೋದ ಮೇಲೆ ನನ್ನ ಕಡೆ ತಿರುಗಿ, "ನಲವತ್ತು ವರ್ಷ ಮನೆಮನೆ ಬಾಗಿಲು ತಟ್ಟಿದೀನಿ, ಇವರನ್ನ ಸೋಲಿಸೋಕೆ" ಅಂದರು. ಕಿಟಕಿಯಾಚೆ ಅವನು ತಪ್ಪು ದಿಕ್ಕಿಗೆ ಹೊರಟಿದ್ದ. ಇವರು ಗಾಜು ಬಡಿದು, ಆ ಕಡೆ, ಆ ಕಡೆ ಅಂತ ಕೈ ತೋರಿಸಿದರು.