ಅಕ್ಷಾಂಶ ಅದಲುಬದಲಾದರೆ ಆಗುಂಬೆ ಕಪ್ಪೆ ಆರ್ಕ್ಟಿಕ್‌ನಲ್ಲಿ

ಪಶ್ಚಿಮ ಘಟ್ಟದ ಗಿಡ, ಕಪ್ಪೆ, ಚಿಟ್ಟೆಗಳನ್ನು ಹತ್ತಾರು ಜನ ಸೇರಿ ಒಂದೇ ಆನ್‌ಲೈನ್ ಪಟ್ಟಿಗೆ ಹಾಕುವಾಗ ಕೈಕೊಡುವುದು ಸಾಫ್ಟ್‌ವೇರ್ ಅಲ್ಲ, ಕಾಲಂಗಳು. ಆಗುಂಬೆ ಸುಮಾರು ಅಕ್ಷಾಂಶ 13.50, ರೇಖಾಂಶ 75.09. ತಿರುಗಿಸಿ ತುಂಬಿದರೆ ಚುಕ್ಕಿ ನಾರ್ವೆಯ ಉತ್ತರದ ಸಮುದ್ರದಲ್ಲಿ ಕೂರುತ್ತದೆ. ಇದು ನಕ್ಷೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ, ಪುಣ್ಯ. ದಶಾಂಶ ಎರಡಕ್ಕೇ ನಿಲ್ಲಿಸಿದ್ದು ಮಾತ್ರ ಗೊತ್ತೇ ಆಗುವುದಿಲ್ಲ: ಒಂದು ಕಿಲೋಮೀಟರ್ ಆಚೀಚೆ, ಹಳ್ಳದ ಕಪ್ಪೆ ಗುಡ್ಡದ ಮೇಲೆ. ನಾಲ್ಕು ದಶಾಂಶ ಇದ್ದರೆ ಸುಮಾರು 11 ಮೀಟರ್.

ಫೋಟೋವನ್ನು ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಅದರೊಳಗಿನ ಸ್ಥಳ, ಸಮಯ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು. ದಿನಾಂಕ 2024-07-03 ಎಂದೇ ಬರೆಯಿರಿ. 03/07 ಎಂದರೆ ಎಕ್ಸೆಲ್ ಅದನ್ನು ಮಾರ್ಚ್ ಮಾಡಿಬಿಡಬಹುದು, ಮಳೆಗಾಲದ ಅಣಬೆ ಬೇಸಿಗೆಗೆ ಹೋಗುತ್ತದೆ.

ಹೆಸರಿನದ್ದು ಇನ್ನೂ ತಕರಾರು. 'ಹೊನ್ನೆ' ಅಂದರೆ ಮಲೆನಾಡಲ್ಲಿ ಟೆರೊಕಾರ್ಪಸ್ ಮಾರ್ಸುಪಿಯಂ, ಕರಾವಳಿಯ ಹೊನ್ನೆ ಎಣ್ಣೆಯ ಮರ ಕ್ಯಾಲೊಫಿಲಮ್ ಇನೊಫಿಲಮ್. ಹಾಗಂತ ಊರ ಹೆಸರು ಬಿಡಬಾರದು. ಅದಕ್ಕೊಂದು ಕಾಲಂ, ವೈಜ್ಞಾನಿಕ ಹೆಸರಿಗೊಂದು, ಗುರುತಿಸಿದವರು ಯಾರು ಎನ್ನುವುದಕ್ಕೊಂದು. ಖಾತ್ರಿಯಿಲ್ಲದಿದ್ದರೆ ಕುಲದ ಹೆಸರಿಗೇ (ವೈಜ್ಞಾನಿಕ ಹೆಸರಿನ ಮೊದಲ ಪದ) ನಿಲ್ಲಿಸಿ, ಪ್ರಭೇದ ಊಹಿಸಬೇಡಿ.

ಕಾಡಿನಿಂದ ಕದ್ದೊಯ್ಯುವ ಆರ್ಕಿಡ್‌ನಂಥವುಗಳ ನಿಖರ ಜಾಗವನ್ನು ಸಾರ್ವಜನಿಕ ನಕ್ಷೆಯಲ್ಲಿ ಮಸುಕು ಮಾಡಲೇಬೇಕು. ಇನ್ನು ನಕ್ಷೆಯ ಚುಕ್ಕಿಗಳೆಲ್ಲ ಟಾರು ರಸ್ತೆಯ ಉದ್ದಕ್ಕೇ ಸಾಲುಗಟ್ಟಿದ್ದರೆ ಅದು ಜೀವಿಗಳ ನಕ್ಷೆಯಲ್ಲ, ನಮ್ಮ ಬೈಕುಗಳದ್ದು.